ಹತ್ತದ ದೀಪ

ಹಾಸನೂರು ಚೆಕ್‌ಪೋಸ್ಟಿನ ಗೇಟು ತೆರೆಯುವುದು ಬೆಳಿಗ್ಗೆ ಆರಕ್ಕೆ.
ಅಲ್ಲಿಯ ತನಕ ಸಾಲು ನಿಂತ ಲಾರಿಗಳ ಮೈಮೇಲೆ ಇಬ್ಬನಿ,
ಟಾರ್ಪಾಲಿನಡಿ ತಾಳವಾಡಿ ಕೋಸಿನ ಹಸಿ ವಾಸನೆ,
ಯಾರದೋ ಕೆಮ್ಮು ತಮಿಳಿನಲ್ಲಿ,
ಯಾರದೋ ಬೈಗುಳ ಕನ್ನಡದಲ್ಲಿ.

ಬೆಳ್ಳಶೆಟ್ಟಿ ಆಕಳಿಸಿ ಕೀ ಅರ್ಧ ತಿರುಗಿಸಿದ:
‘ಓದ್ಲಾ.’

ಎರಡು ಭಾಷೆ ಇಸ್ಕೂಲಲ್ಲಿ ಕಲಿತೆ.
ಇದು ಮೂರನೆಯದು, ಅಕ್ಷರವಿಲ್ಲದ್ದು.

ಎಣ್ಣೆಯ ಗುರುತಿಗೆ ಅವನು ಗಿಂಡಿ ಅನ್ನುತ್ತಾನೆ,
ಮೂತಿಯಲ್ಲಿ ಒಂದು ತೊಟ್ಟು ಸದಾ ಬೀಳಲಿರುವ ಪುಟ್ಟ ಗಿಂಡಿ.
‘ಇದು ಕೆಂಪಾದ್ರ ಒಂದು ಮಾರೂ ಓಡಿಸಬ್ಯಾಡ.
ಇಂಜಿನ್ನು ಒಣ ಬಾಯಲ್ಲಿ ಅಕ್ಕಿ ಅಗಿದಂಗ
ತನ್ನನ್ನೇ ಅಗೀತದ.’
ಬಿಸಿಯ ಗುರುತು ಕೆರೆಯಲ್ಲಿ ನೆಟ್ಟ ಅಳತೆಗೋಲು.
‘ಏರಿದ್ರ ನಿಲ್ಸು. ಉಸಿರಾಡಕ್ಕ ಬುಡು.
ಮುಚ್ಚಳ ಮಾತ್ರ ಮುಟ್ಟಬ್ಯಾಡ’ ಎಂದು
ಎಡ ಮುಂಗೈಯ ರೋಮವಿಲ್ಲದ ನುಣುಪು ಚರ್ಮ ತೋರಿಸಿದ.
ಗೋಬಿ ದಾಟಿ, ಒಂದು ಹುಣಸೆಮರದ ಕೆಳಗೆ,
ನಾನಿನ್ನೂ ಹುಟ್ಟದ ವರ್ಷದಲ್ಲಿ.
ಕೂಡುವ ಗುರುತು, ಕಳೆಯುವ ಗುರುತು ಬರೆದ ಪೆಟ್ಟಿಗೆ:
‘ಸಂಪಾದನೆ ನಿಂತದ, ಗಂಟು ಕರಗ್ತಾ ಅದ. ಊರು ಸೇರ್ಕೊ.’
ಡೀಸೆಲ್ಲಿನ ಮುಳ್ಳು ಬರೀ ಸುಳ್ಳು,
ಏರಿನಲ್ಲಿ ಸಾಹುಕಾರ, ಇಳಿಜಾರಿನಲ್ಲಿ ಭಿಕಾರಿ.
ಅದಕ್ಕೊಂದು ಕಡ್ಡಿ ಇಟ್ಟುಕೊಂಡಿದ್ದಾನೆ.

ಕೊನೆಗೆ ಗಾಳಿ. ಜೋಡಿ ಮುಳ್ಳು,
ಒಂದು ಮುಂದಿನ ಗಾಲಿಗೆ, ಒಂದು ಹಿಂದಿನದಕ್ಕೆ.
‘ಎಂಟು ಮುಟ್ಟೋಗಂಟ ಗಾಡಿ ಕದಲಿಸಬ್ಯಾಡ.
ದಿಂಬಂ ಅಂದ್ರ ಇಪ್ಪತ್ತೇಳು ತಿರುವು.
ಬ್ರೇಕು ತುಳಿದಾಗೆಲ್ಲ ಒಂದೊಂದು ಗುಟುಕು ಖರ್ಚು.
ಐದಕ್ಕಿಂತ ಕೆಳಕ್ಕ ಹೋದ್ರ ದೀಪ ಹತ್ತಿ ಕೂಗ್ತದ.’

ರಾತ್ರಿ ನಾನೇ ಟ್ಯಾಂಕಿನ ಮೊಳೆ ಎಳೆದು
ನೀರು, ಗಾಳಿ ಎರಡೂ ಬಿಟ್ಟಿದ್ದೆ.
ಮುಳ್ಳುಗಳು ಸೊನ್ನೆಯ ಬಳಿ ಒಂದರ ಮೇಲೊಂದು ಮಲಗಿದ್ದವು.
‘ಹಂಗಾರ ಮಾಮ,
ಈಗ ಯಾಕ ಕೂಗ್ತಿಲ್ಲ?’

ಆಕಳಿಕೆ ಅರ್ಧಕ್ಕೆ ನಿಂತಿತು.
ಕೀ ಆಫ್. ಕೀ ಆನ್.
ಗಿಂಡಿ ಹತ್ತಿತು, ಕೋಲು ಹತ್ತಿತು, ಪೆಟ್ಟಿಗೆ ಹತ್ತಿತು.
ಅವುಗಳ ನಡುವೆ ಒಂದು ಜಾಗ,
ಬಿದ್ದ ಹಲ್ಲಿನ ಹಾಗೆ, ಕಪ್ಪು.

ಸ್ಕ್ರೂ ಬಿಚ್ಚಿ ಹಲಗೆ ಎತ್ತಿದರೆ
ಬಲ್ಬಿನ ಗೂಡು ಖಾಲಿ. ಬಜರಿನ ತಂತಿ ಕತ್ತರಿಸಿ
ತುದಿಗೆ ಕಪ್ಪು ಟೇಪು ಸುತ್ತಿದ್ದರು,
ಎಷ್ಟು ಒಪ್ಪವಾಗಿ ಎಂದರೆ, ಗಾಯಕ್ಕೆ ಪಟ್ಟಿ ಕಟ್ಟಿದಂತೆ.
ನಾಮಕ್ಕಲ್ಲಿನಲ್ಲಿ ಮಾರಿದವನೋ,
ಕೂಗು ಕೇಳಿ ಕೇಳಿ ಬೇಸತ್ತ ಅವನ ಡ್ರೈವರೋ.
ಪಳನಿವೇಲು ಈ ಲಾರಿ ಕೊಂಡು ಎಂಟು ದಿನ.
ನಾಲ್ಕು ಸಲ ಇಳಿದಿದ್ದೆವು.
ಕಡ್ಡಿ ಇಟ್ಟುಕೊಂಡ ಮನುಷ್ಯ
ಈ ಒಂದಕ್ಕೆ ಕಡ್ಡಿ ಹಾಕಿರಲಿಲ್ಲ.
ಅದನ್ನು ನಾನು ಹೇಳಲಿಲ್ಲ. ಅವನೂ ಹೇಳಲಿಲ್ಲ.
ಬೀಡಿ ಹಚ್ಚಲು ಮೂರು ಕಡ್ಡಿ ಗೀರಿದ.

ಗೇಟು ಎದ್ದಿತು. ಹಿಂದಿನಿಂದ ಹಾರನ್ನು, ಅಮ್ಮ ಅಕ್ಕ ಎಲ್ಲ.
ಸತ್ತಿಯಿಂದ ಪಳನಿವೇಲು ಫೋನು: ಕೋಸು ಬಾಡುತ್ತದಂತೆ.
‘ಬಾಡಲಿ’ ಎಂದ ಬೆಳ್ಳಶೆಟ್ಟಿ, ಕನ್ನಡದಲ್ಲೇ.
ಎಂದೋ ನಾಲ್ಕೂ ಹತ್ತಕ್ಕೆ ನಿಂತ ಗಡಿಯಾರದ ಹಿಂದಿನಿಂದ
ಬಲ್ಬು ಕಿತ್ತು ಇಲ್ಲಿಗೆ ಹಾಕಿದ.
ತಂತಿಯ ಸಿಪ್ಪೆ ನಾನು ಹಲ್ಲಲ್ಲಿ ಸುಲಿದೆ.

ಕೀ ಆನ್.
ಕೆಂಪು. ಅದರ ಬೆನ್ನಿಗೇ ಕೂಗು:
ಎಂಟು ದಿನ ಬಾಯಿ ಕಟ್ಟಿಸಿಕೊಂಡದ್ದರ ಕೂಗು.
ಇಂಜಿನ್ನು ಹಿಡಿದು ಗಾಳಿ ಏರುವ ತನಕ ಕೂಗಲು ಬಿಟ್ಟೆವು.
ಮೂರು. ನಾಲ್ಕು. ಐದರ ಮೇಲೊಂದು ಚೂರು, ಗಪ್ಪಂತ ನಿಂತಿತು.
‘ಹತ್ತಿ ಆರಬೇಕು ಕಣ್ಲಾ’ ಎಂದ, ನನ್ನ ಕಡೆ ನೋಡದೆ.
‘ಹತ್ತದೇ ಇದ್ದುದ್ದು ಆರಿದ್ದಲ್ಲ.’

ಮೊದಲ ತಿರುವು. ನನ್ನ ಕಣ್ಣು ಬೆಟ್ಟದ ಮೇಲಿಲ್ಲ,
ಕಂದರದ ಮೇಲಿಲ್ಲ, ಕೋತಿಗಳ ಮೇಲಿಲ್ಲ.
ಏಳೂವರೆ. ಏಳು. ಏಳೂಕಾಲು.
ಕಾಯ್ದ ಲೈನರಿನ ವಾಸನೆ,
ಎದುರು ಏರುವವನಿಗೆ ದಾರಿ ಬಿಟ್ಟು ಅವನು ಕೈಯೆತ್ತಿದ್ದು,
ಯಾವುದೂ ಸರಿಯಾಗಿ ನೆನಪಿಲ್ಲ.

ಬಣ್ಣಾರಿಯ ಬಯಲಿನ ಬಿಸಿ ಕಿಟಕಿಗೆ ಬಡಿದಾಗ
ಕೇಳಿದ: ‘ಎಷ್ಟಾಯ್ತು?’
‘ಆರೂಮುಕ್ಕಾಲು ಮಾಮ.’
‘ಗಂಟೆ ಕೇಳ್ದೆ ಕಣ್ಲಾ.’